ಶಾಸನದ ‘ಶಕ’ ಎಲ್ಲಿಯವನು? ಇರಾನಿನ ಹಳೆಯ ಭಾಷೆಗಳು, ಅವೆಸ್ತಾ ಮತ್ತು ಮಂಡ್ಯ ಸೀಮೆಯ ಜೈನ ನೆಲೆಗಳು

ಮಂಡ್ಯ ಜಿಲ್ಲೆಯ ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರ ಮತ್ತು ಶ್ರೀರಂಗಪಟ್ಟಣ ತಾಲ್ಲೂಕುಗಳು ಜೈನ ಇತಿಹಾಸದಲ್ಲಿ ಶ್ರವಣಬೆಳಗೊಳದ ನೆರೆಹೊರೆ. ಬಿಂಡಿಗನವಿಲೆ ಬಳಿಯ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿ ಮತ್ತು ಎತ್ತರದ ಬ್ರಹ್ಮದೇವರ ಕಂಬ ಇವೆ. ಹೊಸಹೊಳಲಿನಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿ ಇದೆ. ಶ್ರೀರಂಗಪಟ್ಟಣದ ಕೋಟೆಯೊಳಗೆ ಆದಿನಾಥ ಸ್ವಾಮಿಯ ಬಸದಿ ಇದೆ. ಈ ಸೀಮೆಯ ಶಾಸನಗಳಲ್ಲಿ ಕಾಲ ಹೇಳುವ ಕಡೆ ಮತ್ತೆ ಮತ್ತೆ ಬರುವ ಮಾತು ‘ಶಕವರ್ಷ’. ಬಸದಿಗೆ ದತ್ತಿ ಬಿಟ್ಟದ್ದಾಗಲಿ, ಮುನಿಗಳು ಸಮಾಧಿ ಹೊಂದಿದ್ದಾಗಲಿ ಶಕವರ್ಷದ ಲೆಕ್ಕದಲ್ಲೇ ದಾಖಲಾಗಿದೆ. ಪೂಜೆಯ ಸಂಕಲ್ಪದಲ್ಲಿ ಇಂದಿಗೂ ಅದೇ ಹೆಸರು ಕೇಳಿಬರುತ್ತದೆ.

ಆದರೆ ‘ಶಕ’ ಎಂಬುದು ಕನ್ನಡ ನಾಡಿನ ಅರಸನ ಹೆಸರಲ್ಲ. ಅದು ಪ್ರಾಚೀನ ಇರಾನಿ ಭಾಷೆಯೊಂದನ್ನು ಆಡುತ್ತಿದ್ದ ಜನಾಂಗದ ಹೆಸರು. ಅದರ ಜಾಡು ಹಿಡಿದು ಹೋದರೆ ಇರಾನಿನ ಬಂಡೆಶಾಸನ, ಜರತುಷ್ಟ್ರನ ಗಾಥೆಗಳು, ಗಿರನಾರಿನ ಗುಹೆಗಳು, ಶ್ರೀರಂಗಪಟ್ಟಣದ ಟಂಕಸಾಲೆ ಎಲ್ಲವೂ ಒಂದೇ ದಾರಿಯಲ್ಲಿ ಸಿಗುತ್ತವೆ.

ಶಕರು, ಶಾಹಿಗಳು, ಕ್ಷತ್ರಪರು

ಇರಾನಿನ ಚಕ್ರವರ್ತಿ ದಾರಿಯಸ್ ಕ್ರಿ.ಪೂ. 520ರ ಸುಮಾರಿಗೆ ಬೆಹಿಸ್ತೂನ್ ಬೆಟ್ಟದ ಬಂಡೆಯ ಮೇಲೆ ಮೂರು ಭಾಷೆಗಳಲ್ಲಿ ಶಾಸನ ಕೆತ್ತಿಸಿದ. ಅವುಗಳಲ್ಲಿ ಒಂದು ಹಳೆಯ ಪರ್ಶಿಯನ್. ತನ್ನ ಆಳ್ವಿಕೆಗೆ ಒಳಪಟ್ಟ ನಾಡುಗಳ ಪಟ್ಟಿಯಲ್ಲಿ ಅವನು ‘ಸಕ’ ಎಂಬ ಜನರನ್ನೂ ಹೇಳುತ್ತಾನೆ. ಸಾಂಪ್ರದಾಯಿಕ ಲೆಕ್ಕದಂತೆ ಭಗವಾನ್ ಮಹಾವೀರರ ನಿರ್ವಾಣ ಕ್ರಿ.ಪೂ. 527. ಎರಡಕ್ಕೂ ನಡುವೆ ಕೆಲವೇ ವರ್ಷಗಳ ಅಂತರ.

ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಕುದುರೆ ಸಾಕುತ್ತಿದ್ದ ಈ ಜನರ ಒಂದು ಗುಂಪು ಮುಂದೆ ಸಿಂಧೂ ನದಿಯ ಕಡೆಗೆ ಇಳಿಯಿತು. ಶ್ವೇತಾಂಬರ ಪರಂಪರೆಯ ಕಾಲಕಾಚಾರ್ಯ ಕಥೆಯಲ್ಲಿ ಇದರ ನೆನಪು ಉಳಿದಿದೆ. ಉಜ್ಜಯಿನಿಯ ಗರ್ದಭಿಲ್ಲ ರಾಜ ಆಚಾರ್ಯರ ತಂಗಿ, ಸಾಧ್ವಿ ಸರಸ್ವತಿಯನ್ನು ಅಪಹರಿಸುತ್ತಾನೆ. ಆಚಾರ್ಯರು ಶಕಕುಲಕ್ಕೆ ಹೋಗಿ ಅಲ್ಲಿನ ನಾಯಕರ ನೆರವಿನಿಂದ ಅವನನ್ನು ಸೋಲಿಸುತ್ತಾರೆ. ಆ ನಾಯಕರನ್ನು ಕಥೆ ‘ಸಾಹಿ’ ಎಂದೂ ಅವರ ಮೇಲಿನ ಒಡೆಯನನ್ನು ‘ಸಾಹಾನುಸಾಹಿ’ ಎಂದೂ ಕರೆಯುತ್ತದೆ. ಇದು ಇರಾನಿ ಭಾಷೆಗಳ ‘ರಾಜರ ರಾಜ’ ಎಂಬ ಬಿರುದೇ. ಪರ್ಶಿಯನ್ನಿನ ‘ಶಹನ್‌ಶಾಹ್’ ಅದೇ ಮಾತು. ಹೀಗೆ ಒಂದು ಪ್ರಾಕೃತ ಜೈನ ಕಥೆ ಇರಾನಿನ ರಾಜಬಿರುದನ್ನು ಜೋಪಾನವಾಗಿ ಕಾಪಾಡಿದೆ.

ಗುಜರಾತ್ ಮತ್ತು ಮಾಳವವನ್ನು ಆಳಿದ ಶಕರನ್ನು ‘ಪಶ್ಚಿಮ ಕ್ಷತ್ರಪರು’ ಎನ್ನುತ್ತಾರೆ. ‘ಕ್ಷತ್ರಪ’ ಎಂಬುದೂ ಇರಾನಿ ಪದ. ‘ರಾಜ್ಯವನ್ನು ಕಾಯುವವನು’ ಎಂದು ಅದರ ಅರ್ಥ. ಕ್ರಿ.ಶ. 78ರಿಂದ ಎಣಿಸುವ ಶಕೆಯನ್ನು ತಲೆಮಾರುಗಳ ಕಾಲ ಬಿಡದೆ ಬಳಸಿ ಉಳಿಸಿದವರು ಇವರು. ಇವರಲ್ಲಿ ಪ್ರಸಿದ್ಧನಾದ ರುದ್ರದಾಮನ ಕ್ರಿ.ಶ. 150ರ ಹೊತ್ತಿಗೆ ಗಿರನಾರಿನ ತಪ್ಪಲಿನ ಬಂಡೆಯ ಮೇಲೆ ಸಂಸ್ಕೃತ ಶಾಸನ ಬರೆಸಿದ. ಒಡೆದುಹೋದ ಸುದರ್ಶನ ಕೆರೆಯ ಕಟ್ಟೆಯನ್ನು ಮತ್ತೆ ಕಟ್ಟಿಸಿದವನು ಪಹ್ಲವನಾದ ಸುವಿಶಾಖ ಎಂಬ ಅಧಿಕಾರಿ ಎಂದು ಅದು ಹೇಳುತ್ತದೆ. ಪಹ್ಲವರೂ ಇರಾನಿ ಮೂಲದವರು.

ಗಿರನಾರ್ ಜೈನರಿಗೆ ನೇಮಿನಾಥ ಸ್ವಾಮಿಯ ನಿರ್ವಾಣಭೂಮಿ. ದಿಗಂಬರ ಪರಂಪರೆಯಂತೆ ಧರಸೇನಾಚಾರ್ಯರು ಅಲ್ಲಿಯ ಚಂದ್ರಗುಹೆಯಲ್ಲಿದ್ದು ಪುಷ್ಪದಂತ ಮತ್ತು ಭೂತಬಲಿ ಮುನಿಗಳಿಗೆ ಶ್ರುತವನ್ನು ಧಾರೆಯೆರೆದರು. ಕ್ಷತ್ರಪರ ಕಾಲದ ಒಂದು ಶಾಸನ ಜುನಾಗಢದ ಗುಹೆಗಳಲ್ಲಿ ಸಿಕ್ಕಿದೆ. ಅದರಲ್ಲಿ ಕೇವಲಜ್ಞಾನದ ಉಲ್ಲೇಖವಿದೆ. ಇರಾನಿ ಮೂಲದ ಅರಸರ ನಾಡಿನಲ್ಲಿ ಜೈನ ಮುನಿಸಂಘ ನೆಲೆನಿಂತಿತ್ತು ಎಂಬುದಕ್ಕೆ ಇದು ಕಲ್ಲಿನ ಸಾಕ್ಷಿ.

605 ವರ್ಷ, 5 ತಿಂಗಳು

ಶಕವರ್ಷವನ್ನು ವೀರ ನಿರ್ವಾಣದ ಲೆಕ್ಕಕ್ಕೆ ಜೋಡಿಸಿದವರು ಜೈನಾಚಾರ್ಯರು. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ‘ತ್ರಿಲೋಕಸಾರ’ದಲ್ಲಿ ಮಹಾವೀರರ ನಿರ್ವಾಣವಾಗಿ 605 ವರ್ಷ 5 ತಿಂಗಳು ಕಳೆದ ಮೇಲೆ ಶಕರಾಜನಾದನು ಎಂದು ಹೇಳಿದ್ದಾರೆ. ಐದು ತಿಂಗಳು ಎಂದರೆ ಕಾರ್ತಿಕದಿಂದ ಚೈತ್ರದವರೆಗಿನ ಅಂತರ. ನಿರ್ವಾಣ ಸಂವತ್ ದೀಪಾವಳಿಗೆ ಬದಲಾಗುತ್ತದೆ, ಶಕವರ್ಷ ಯುಗಾದಿಗೆ ಬದಲಾಗುತ್ತದೆ.

ಲೆಕ್ಕವನ್ನು ಪಂಚಾಂಗ ಹಿಡಿದು ಯಾರು ಬೇಕಾದರೂ ನೋಡಬಹುದು. 2023ರ ಯುಗಾದಿಗೆ ಶಕವರ್ಷ 1945 ಆರಂಭವಾಯಿತು. ಅದಕ್ಕೆ 605 ಸೇರಿಸಿದರೆ 2550. ಅದೇ ವರ್ಷದ ದೀಪಾವಳಿಗೆ ಆರಂಭವಾದದ್ದು ವೀರ ನಿರ್ವಾಣ ಸಂವತ್ 2550. ನಿರ್ವಾಣೋತ್ಸವದ ವರ್ಷವನ್ನು ಇತಿಹಾಸದ ಉಳಿದ ಕಾಲಗಣನೆಗೆ ಕೂಡಿಸುವ ಕೊಂಡಿ ಈ ಶಕ ಎಂಬ ಪರನಾಡಿನ ಹೆಸರೇ. ಐಹೊಳೆಯ ಮೇಗುಟಿ ಜಿನಾಲಯದಲ್ಲಿ ಜೈನ ಕವಿ ರವಿಕೀರ್ತಿ ಬರೆದ ಶಾಸನವೂ ಶಕ 556ರದು, ಅಂದರೆ ಕ್ರಿ.ಶ. 634ರದು.

ಇರಾನಿ ಭಾಷೆಗಳ ಕುಟುಂಬ

ಪ್ರಾಚೀನ ಇರಾನಿ ಭಾಷೆಗಳಲ್ಲಿ ಬರಹದ ರೂಪದಲ್ಲಿ ಚೆನ್ನಾಗಿ ಉಳಿದವು ಎರಡು. ಒಂದು, ದಾರಿಯಸನ ಶಾಸನಗಳ ಹಳೆಯ ಪರ್ಶಿಯನ್. ಇನ್ನೊಂದು, ಜರತುಷ್ಟ್ರ ಧರ್ಮದ ಗ್ರಂಥವಾದ ಅವೆಸ್ತಾದ ಭಾಷೆ. ಇದನ್ನು ಅವೆಸ್ತನ್ ಎಂದೇ ಕರೆಯುತ್ತಾರೆ. ನಡುಕಾಲದಲ್ಲಿ ಪಹ್ಲವಿ, ಪಾರ್ಥಿಯನ್, ಸೊಗ್ದಿಯನ್, ಖೋತಾನಿನ ಶಕಭಾಷೆ ಮುಂತಾದವು ಬಂದವು. ಇಂದಿನ ಪರ್ಶಿಯನ್, ಕುರ್ದಿಷ್, ಪಷ್ತೊ, ಬಲೂಚಿ ಅದೇ ಕುಟುಂಬದ ಮಕ್ಕಳು.

ಅವೆಸ್ತನ್ ಮತ್ತು ವೇದದ ಸಂಸ್ಕೃತ ಅಕ್ಕತಂಗಿಯರಷ್ಟು ಹತ್ತಿರ. ಮುಖ್ಯ ವ್ಯತ್ಯಾಸಗಳಲ್ಲೊಂದು, ಸಂಸ್ಕೃತದ ಸಕಾರ ಅಲ್ಲಿ ಅನೇಕ ಕಡೆ ಹಕಾರವಾಗುವುದು. ‘ಸಪ್ತ’ ಅಲ್ಲಿ ‘ಹಪ್ತ’, ‘ಸೋಮ’ ‘ಹಓಮ’, ‘ಅಸುರ’ ‘ಅಹುರ’, ‘ಸಿಂಧು’ ‘ಹಿಂದು’. ಇಂಥ ಬದಲಾವಣೆ ಕನ್ನಡಿಗರಿಗೆ ಹೊಸದಲ್ಲ. ಹಳಗನ್ನಡದ ‘ಪಾಲ್’ ಹಾಲಾಯಿತು, ‘ಪೂ’ ಹೂವಾಯಿತು. ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲು ಎಂಬ ಊರ ಹೆಸರಿನಲ್ಲೇ ಇದು ಎರಡು ಸಲ ನಡೆದಿದೆ: ‘ಪೊಸ’ ಹೊಸ ಆಯಿತು, ಪಟ್ಟಣ ಎಂಬರ್ಥದ ‘ಪೊಳಲ್’ ಹೊಳಲು ಆಯಿತು. ಅಲ್ಲಿ ಸಕಾರದಿಂದ, ಇಲ್ಲಿ ಪಕಾರದಿಂದ. ಎರಡೂ ಕಡೆ ಕೊನೆಗೆ ಉಳಿದದ್ದು ಹಕಾರ.

ಈ ನಂಟು ತಾಲ್ಲೂಕು ಕಚೇರಿಯಲ್ಲೂ ಕಾಣುತ್ತದೆ. ನಾಗಮಂಗಲದ ಕಚೇರಿಯಾಗಲಿ ಪಾಂಡವಪುರದ ಕಚೇರಿಯಾಗಲಿ, ‘ದಸ್ತಾವೇಜು’ ಇಲ್ಲದೆ ಕೆಲಸ ನಡೆಯದು. ಅದರಲ್ಲಿರುವ ‘ದಸ್ತ್’ ಎಂದರೆ ಕೈ. ಸಂಸ್ಕೃತದ ‘ಹಸ್ತ’ಕ್ಕೆ ಅದು ದಾಯಾದಿ. ‘ಸರ್ಕಾರ’ದ ‘ಸರ್’ ಎಂದರೆ ತಲೆ, ಅದು ‘ಶಿರಸ್’ ಪದದ ಬಂಧು. ‘ಬಂದೋಬಸ್ತ್’ನಲ್ಲಿ ಇರುವುದು ‘ಬಂಧ’ದ ಧಾತುವೇ. ‘ಜಮೀನು’ ಪದದ ಹಿಂದಿನ ರೂಪ ಅವೆಸ್ತಾದಲ್ಲಿ ಭೂಮಿ ಎಂಬ ಅರ್ಥದಲ್ಲಿ ಬರುತ್ತದೆ. ಪದಗಳು ಇಲ್ಲಿಂದ ಅಲ್ಲಿಗೂ ಹೋಗಿವೆ. ಪಾಂಡವಪುರದ ಕಬ್ಬಿನ ಗದ್ದೆಗಳ ಸೀಮೆಗೆ ಒಪ್ಪುವ ಉದಾಹರಣೆ ‘ಸಕ್ಕರೆ’: ಭಾರತದ ‘ಶರ್ಕರಾ’ ಪರ್ಶಿಯನ್ನಿನಲ್ಲಿ ‘ಶಕರ್’ ಆಯಿತು.

ಅವೆಸ್ತಾದಲ್ಲಿ ಏನಿದೆ

ಅವೆಸ್ತಾದ ಅತಿ ಹಳೆಯ ಭಾಗ ಜರತುಷ್ಟ್ರನದೆಂದು ನಂಬಲಾದ 17 ಗಾಥೆಗಳು. ‘ಗಾಥೆ’ ಎಂಬ ಪದ ಜೈನರಿಗೆ ಮನೆಮಾತು. ಗೊಮ್ಮಟಸಾರ, ತ್ರಿಲೋಕಸಾರಗಳ ಪ್ರಾಕೃತ ಪದ್ಯಗಳೂ ಗಾಥೆಗಳೇ. ಎರಡೂ ಕಡೆ ಮೂಲ ಅರ್ಥ ಹಾಡು. ಗಾಥೆಗಳು 72 ಅಧ್ಯಾಯಗಳ ‘ಯಸ್ನ’ ಎಂಬ ಪೂಜಾಪಾಠದ ಒಳಗೆ ಸೇರಿವೆ. ‘ಯಸ್ನ’ ಸಂಸ್ಕೃತದ ‘ಯಜ್ಞ’ಕ್ಕೆ ಸಮಾನ ಪದ. ದೇವತೆಗಳ ಸ್ತುತಿಗಳಾದ ‘ಯಷ್ತ್’ಗಳು, ಶುದ್ಧಿ ಮತ್ತು ಆಚಾರದ ನಿಯಮಗಳ ‘ವೆಂದಿದಾದ್’, ದಿನನಿತ್ಯದ ಪ್ರಾರ್ಥನೆಗಳ ‘ಖೋರ್ದೆ ಅವೆಸ್ತಾ’ ಉಳಿದ ಮುಖ್ಯ ಭಾಗಗಳು.

ಈ ಧರ್ಮದಲ್ಲಿ ಪರಮದೈವ ಅಹುರ ಮಜ್ದಾ. ಸತ್ಯ ಮತ್ತು ಸುವ್ಯವಸ್ಥೆಗೆ ‘ಅಶ’ ಎಂದು ಹೆಸರು, ಸುಳ್ಳಿಗೆ ‘ದ್ರುಜ್’. ಕೆಡುಕಿನ ಚೇತನ ಅಂಗ್ರ ಮೈನ್ಯು. ಮನುಷ್ಯ ಇವೆರಡರ ನಡುವೆ ಆಯ್ದುಕೊಳ್ಳಬೇಕು. ಒಳ್ಳೆಯ ಯೋಚನೆ, ಒಳ್ಳೆಯ ಮಾತು, ಒಳ್ಳೆಯ ಕೆಲಸ ಎಂಬ ಮೂರು ಸೂತ್ರಗಳು ಪಾರ್ಸಿಗಳ ಬಾಳಿನ ಆಧಾರ. ಮನ, ವಚನ, ಕಾಯ ಎಂದು ದಿನವೂ ಹೇಳುವ ಶ್ರಾವಕರಿಗೆ ಇದು ಪರಿಚಿತವೆನಿಸುತ್ತದೆ.

ಆದರೆ ಹೋಲಿಕೆ ಎಲ್ಲಿ ನಿಲ್ಲುತ್ತದೆ ಎಂಬುದೂ ತಿಳಿದಿರಬೇಕು. ಅಹುರ ಮಜ್ದಾ ಸೃಷ್ಟಿಕರ್ತ. ಜೈನ ಸಿದ್ಧಾಂತದಲ್ಲಿ ಲೋಕಕ್ಕೆ ಕರ್ತೃವಿಲ್ಲ. ಪಹ್ಲವಿ ಗ್ರಂಥಗಳಂತೆ ಲೋಕದ ಆಯುಷ್ಯ 12,000 ವರ್ಷ. ಕೊನೆಗೆ ಸಓಶ್ಯಂತ ಎಂಬ ಉದ್ಧಾರಕ ಬಂದು ಕೆಡುಕು ಅಳಿಯುತ್ತದೆ. ಜೈನರ ಕಾಲಚಕ್ರಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಉತ್ಸರ್ಪಿಣಿ, ಅವಸರ್ಪಿಣಿಗಳು ಸುತ್ತುತ್ತಲೇ ಇರುತ್ತವೆ. ಬಿಡುಗಡೆ ಆಯಾ ಜೀವದ ಪುರುಷಾರ್ಥದಿಂದ.

ಪುರಾಣದ ಯಿಮನ ಕಥೆಯನ್ನೂ ಹೀಗೆಯೇ ಓದಬೇಕು. ಯಿಮನ ಆಳ್ವಿಕೆಯಲ್ಲಿ ಚಳಿ, ಸೆಕೆ, ಮುಪ್ಪು, ಸಾವು ಇರಲಿಲ್ಲ. ಜನರು, ಜಾನುವಾರುಗಳು ಹೆಚ್ಚಿ ಜಾಗ ಸಾಲದೆ ಅವನು ಮೂರು ಸಲ ಭೂಮಿಯನ್ನು ಹಿಗ್ಗಿಸಿದ. ಮುಂದೆ ಘೋರ ಚಳಿಗಾಲ ಬರುತ್ತದೆಂದು ಅಹುರ ಮಜ್ದಾ ಎಚ್ಚರಿಸಿದಾಗ ‘ವರ’ ಎಂಬ ಆವರಣ ಕಟ್ಟಿ ಜೀವಿಗಳನ್ನು ಉಳಿಸಿದ. ಭೋಗಭೂಮಿ ಮತ್ತು ಕುಲಕರರ ಕಥೆ ಬಲ್ಲವರಿಗೆ ಇದು ದೂರದ ಪ್ರತಿಧ್ವನಿಯಂತೆ ಕೇಳಿಸುತ್ತದೆ. ಒಂದು ಇನ್ನೊಂದರಿಂದ ಬಂದಿತೆನ್ನಲು ಆಧಾರವಿಲ್ಲ. ಯಿಮನ ಹೆಸರಿನ ನೇರ ಜೋಡಿ ಬೇರೆ: ಅವನು ವೀವಂಗ್ಹ್ವಂತನ ಮಗ, ವೇದದ ಯಮ ವಿವಸ್ವಂತನ ಮಗ. ಪರ್ಶಿಯನ್ನಿನಲ್ಲಿ ಯಿಮನೇ ಜಮ್‌ಶೀದ್ ಆದ.

ದೇವ, ಅಸುರ, ಮತ್ತು ಇಂದ್ರನ ಮೂರು ಗತಿ

ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ‘ದೇವ’ ಮತ್ತು ‘ಅಸುರ’ ಎಂಬ ಎರಡು ಪದಗಳು. ಋಗ್ವೇದದ ಹಳೆಯ ಸೂಕ್ತಗಳಲ್ಲಿ ವರುಣನಂಥ ದೇವತೆಗೂ ‘ಅಸುರ’ ಎಂಬ ಗೌರವದ ಹೆಸರಿದೆ. ಮುಂದೆ ಭಾರತದಲ್ಲಿ ಅಸುರ ಎಂದರೆ ರಾಕ್ಷಸ ಎಂಬರ್ಥ ಬಂತು. ಇರಾನಿನಲ್ಲಿ ಇದು ತಿರುಗುಮುರುಗಾಯಿತು. ಅಲ್ಲಿ ಅಹುರ ಪೂಜ್ಯ, ‘ದಏವ’ ಎಂದರೆ ಕೆಡುಕಿನ ಶಕ್ತಿ. ಪರ್ಶಿಯನ್ ಕಥೆಗಳ ದೈತ್ಯ ‘ದೇವ್’ ಆಗಿದ್ದು ಹೀಗೆ.

ಜೈನ ಆಗಮದ ದಾರಿ ಇವೆರಡಕ್ಕಿಂತ ಭಿನ್ನ. ತತ್ತ್ವಾರ್ಥಸೂತ್ರದಂತೆ ದೇವರಲ್ಲಿ ಭವನವಾಸಿ, ವ್ಯಂತರ, ಜ್ಯೋತಿಷ್ಕ, ವೈಮಾನಿಕ ಎಂದು ನಾಲ್ಕು ನಿಕಾಯ. ಭವನವಾಸಿಗಳ ಹತ್ತು ಭೇದಗಳಲ್ಲಿ ಮೊದಲನೆಯವರೇ ಅಸುರಕುಮಾರರು. ಅಂದರೆ ಇಲ್ಲಿ ಅಸುರ ದೇವನ ಶತ್ರುವಲ್ಲ, ದೇವಗತಿಯ ಒಂದು ಪಂಗಡ. ಸಂಕ್ಲಿಷ್ಟ ಪರಿಣಾಮದ ಕೆಲವು ಅಸುರರು ಮೂರನೆಯ ನರಕದವರೆಗೆ ನಾರಕಿಗಳಿಗೆ ದುಃಖ ಕೊಡುತ್ತಾರೆಂದೂ ಅದೇ ಗ್ರಂಥ ಹೇಳುತ್ತದೆ. ಆದರೆ ಅದಕ್ಕೆ ಕಾರಣ ಅವರ ಭಾವ, ಅವರ ಕುಲವಲ್ಲ. ಆದ್ದರಿಂದ ಜೈನ ಪುರಾಣ ಓದುವಾಗ ‘ಅಸುರ’ ಕಂಡಲ್ಲೆಲ್ಲ ರಾಕ್ಷಸ ಎಂದು ಅರ್ಥ ಮಾಡಿದರೆ ತಪ್ಪಾಗುತ್ತದೆ.

ಕಂಬದಹಳ್ಳಿ ಬಸದಿಯ ಭುವನೇಶ್ವರಿಯಲ್ಲಿ ಜಿನಬಿಂಬದ ಸುತ್ತ ಅಷ್ಟದಿಕ್ಪಾಲಕರನ್ನು ಕೆತ್ತಲಾಗಿದೆ. ದಿಕ್ಪಾಲಕರಲ್ಲಿ ಪೂರ್ವಕ್ಕೆ ಇಂದ್ರ, ದಕ್ಷಿಣಕ್ಕೆ ಯಮ. ಈ ಇಂದ್ರನಿಗೆ ಮೂರು ಪರಂಪರೆಗಳಲ್ಲಿ ಮೂರು ಗತಿ. ವೇದದಲ್ಲಿ ಅವನು ವೃತ್ರನನ್ನು ಕೊಂದ ವೀರ, ‘ವೃತ್ರಹನ್’. ವೆಂದಿದಾದ್‌ನಲ್ಲಿ ‘ಇಂದ್ರ’ ಒಬ್ಬ ದಏವ, ದೂರವಿಡಬೇಕಾದವನು. ಜೈನರಲ್ಲಿ ಸೌಧರ್ಮೇಂದ್ರ ತೀರ್ಥಂಕರರ ಪಂಚಕಲ್ಯಾಣಕ್ಕೆ ಓಡಿಬರುವ ಸೇವಕ, ಮೇರುವಿನ ಮೇಲೆ ಜನ್ಮಾಭಿಷೇಕ ಮಾಡುವ ಭಕ್ತ. ಜಿನಬಿಂಬ ನಡುವೆ, ಇಂದ್ರ ಅಂಚಿನಲ್ಲಿ. ಕಂಬದಹಳ್ಳಿಯ ಶಿಲ್ಪಿ ಸಿದ್ಧಾಂತವನ್ನು ಸ್ಥಾನದಿಂದಲೇ ತೋರಿಸಿದ್ದಾನೆ.

ಶ್ರೀರಂಗಪಟ್ಟಣದ ಕಾಸಿನ ಮೇಲೆ ಅವೆಸ್ತಾದ ಹೆಸರು

ಇಂದ್ರನನ್ನು ತಳ್ಳಿದ ಇರಾನ್ ಅವನ ಬಿರುದನ್ನು ಮಾತ್ರ ಉಳಿಸಿಕೊಂಡಿತು. ‘ವೃತ್ರಹನ್’ಗೆ ಜೋಡಿಯಾದ ‘ವೆರೆಥ್ರಘ್ನ’ ಅವೆಸ್ತಾದಲ್ಲಿ ಗೆಲುವಿನ ಪೂಜ್ಯ ದೇವತೆ. ಆ ಹೆಸರು ಪಹ್ಲವಿಯಲ್ಲಿ ಸವೆದು ಪರ್ಶಿಯನ್ನಿನಲ್ಲಿ ‘ಬಹ್ರಾಮ್’ ಆಯಿತು. ಮಂಗಳ ಗ್ರಹಕ್ಕೂ ಅದೇ ಹೆಸರಾಯಿತು.

ಟಿಪ್ಪು ಸುಲ್ತಾನನ ಆಡಳಿತದ ಭಾಷೆ ಪರ್ಶಿಯನ್. ಅವನು ತಾಮ್ರದ ನಾಣ್ಯಗಳಿಗೆ ಆಕಾಶಕಾಯಗಳ ಹೆಸರಿಟ್ಟ. ಪೈಸೆಗೆ ‘ಜೊಹ್ರಾ’, ಅಂದರೆ ಶುಕ್ರ. ಅರ್ಧ ಪೈಸೆಗೆ ‘ಬಹ್ರಾಮ್’. ಕಾಲು ಪೈಸೆಗೆ ‘ಅಖ್ತರ್’, ಅಂದರೆ ನಕ್ಷತ್ರ. ಒಂದು ಮಗ್ಗುಲಲ್ಲಿ ಆನೆಯ ಚಿತ್ರವಿದ್ದ ಈ ಕಾಸುಗಳು ‘ಪಟನ್’ ಎಂದು ಬರೆದ ಟಂಕಸಾಲೆಯಿಂದ, ಅಂದರೆ ಶ್ರೀರಂಗಪಟ್ಟಣದಿಂದಲೂ ಬಂದವು. ಹೀಗೆ ಅವೆಸ್ತಾದ ದೇವತೆಯ ಹೆಸರು ಕಾವೇರಿ ತೀರದ ಸಂತೆಗಳಲ್ಲಿ ಕೈಯಿಂದ ಕೈಗೆ ಓಡಾಡಿತು. 1784ರಲ್ಲಿ ಕಟ್ಟಿದ ದರಿಯಾ ದೌಲತ್‌ನ ‘ದರಿಯಾ’ ಪದಕ್ಕೂ ದಾರಿಯಸನ ಕಾಲದ ಪರ್ಶಿಯನ್ನಿನಲ್ಲಿ ಸಮುದ್ರ ಎಂಬ ಅರ್ಥದ ಹಿರಿಯ ರೂಪವಿದೆ.

ಪರ್ಶಿಯನ್ ಜೈನರಿಗೆ ಅಪರಿಚಿತ ಭಾಷೆಯೂ ಆಗಿರಲಿಲ್ಲ. 14ನೇ ಶತಮಾನದ ಜಿನಪ್ರಭ ಸೂರಿ ಋಷಭದೇವರ ಮೇಲೆ ಆ ಭಾಷೆಯಲ್ಲೇ ಒಂದು ಸ್ತೋತ್ರ ರಚಿಸಿದರು. ಅಕ್ಬರನ ಆಸ್ಥಾನದಲ್ಲಿದ್ದ ಸಿದ್ಧಿಚಂದ್ರ ಪರ್ಶಿಯನ್ ಕಲಿತಿದ್ದರು. ಹೀರವಿಜಯ ಸೂರಿಗಳನ್ನು ಬರಮಾಡಿಕೊಂಡ ಆ ಆಸ್ಥಾನಕ್ಕೆ ನವಸಾರಿಯ ಪಾರ್ಸಿ ಪುರೋಹಿತ ದಸ್ತೂರ್ ಮೆಹರ್‌ಜಿ ರಾಣಾ ಕೂಡ ಹೋಗಿದ್ದರು.

ಶ್ರುತ ಉಳಿದ ಬಗೆ

ಎರಡು ಧರ್ಮಗಳ ನಿಜವಾದ ಸಾಮ್ಯ ಇರುವುದು ಸಿದ್ಧಾಂತದಲ್ಲಲ್ಲ, ಗ್ರಂಥಗಳ ಪಾಡಿನಲ್ಲಿ. ಅವೆಸ್ತಾ ಶತಮಾನಗಳ ಕಾಲ ಬಾಯಿಪಾಠದಲ್ಲೇ ಉಳಿದಿತ್ತು. ಸಾಸಾನಿ ಅರಸರ ಕಾಲದಲ್ಲಿ ಅದನ್ನು ಬರೆಯಲೆಂದೇ ಐವತ್ತಕ್ಕೂ ಹೆಚ್ಚು ಅಕ್ಷರಗಳ ಹೊಸ ಲಿಪಿ ರೂಪಿಸಲಾಯಿತು. ಆಗ 21 ಭಾಗಗಳಿದ್ದ ಗ್ರಂಥದಲ್ಲಿ ಇಂದು ಉಳಿದಿರುವುದು ಸುಮಾರು ಕಾಲು ಪಾಲು. ಉಳಿದುದಕ್ಕೂ ಭಾರತದ ಋಣವಿದೆ. ಗುಜರಾತಿನ ಪಾರ್ಸಿ ಪಂಡಿತ ನೆರ್ಯೋಸಂಘ ಧವಲ ಯಸ್ನವನ್ನು ಸಂಸ್ಕೃತಕ್ಕೆ ತಂದ. ಇರಾನಿನಿಂದ ಬಂದ ಮಿಹ್ರಬಾನ್ ಕೈಖುಸ್ರೌ ಎಂಬ ಪುರೋಹಿತ 1323ರಲ್ಲಿ ಖಂಭಾತಿನಲ್ಲಿ ಯಸ್ನದ ಪ್ರತಿ ಮಾಡಿದ. ಇಂದು ಲಭ್ಯವಿರುವ ಹಳೆಯ ಅವೆಸ್ತಾ ಪ್ರತಿಗಳಲ್ಲಿ ಅದೂ ಒಂದು. ಅದೇ ಖಂಭಾತ್ ಹೇಮಚಂದ್ರಾಚಾರ್ಯರು ದೀಕ್ಷೆ ಪಡೆದ ಊರು. ತಾಳೆಗರಿಗಳ ಜೈನ ಭಂಡಾರಕ್ಕೆ ಹೆಸರಾದ ಊರು. ಒಂದೇ ಬಂದರು ಪಟ್ಟಣದಲ್ಲಿ ಎರಡು ಸಣ್ಣ ಸಮಾಜಗಳು ತಮ್ಮ ತಮ್ಮ ಗ್ರಂಥಗಳನ್ನು ಪ್ರತಿ ಮಾಡುತ್ತಿದ್ದವು.

ಜೈನರ ಕಥೆಯೂ ಇಂಥದೇ. ದ್ವಾದಶಾಂಗ ಶ್ರುತ ಕ್ರಮೇಣ ಕ್ಷೀಣಿಸಿದಾಗ ಉಳಿದ ಅಂಶವನ್ನು ಪುಷ್ಪದಂತ, ಭೂತಬಲಿಗಳು ಷಟ್ಖಂಡಾಗಮವಾಗಿ ಬರೆದಿಟ್ಟರು. ಆ ದಿನವೇ ಶ್ರುತಪಂಚಮಿ. ಅದರ ಧವಲಾ ಟೀಕೆಯ ತಾಳೆಗರಿಗಳು ಹಳಗನ್ನಡ ಲಿಪಿಯಲ್ಲಿ ಮೂಡುಬಿದಿರೆಯ ಬಸದಿಯಲ್ಲಿ ಉಳಿದವು. 1939ರಿಂದ ಅವು ಅಚ್ಚಾಗಿ ಹೊರಬಂದವು. ಕನ್ನಡ ಲಿಪಿ ಓದಬಲ್ಲವರು ಇದ್ದುದರಿಂದಲೇ ಪ್ರಾಕೃತದ ಆಗಮ ಉಳಿಯಿತು.

ಓದುವವರು ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೂ ಶ್ರೀರಂಗಪಟ್ಟಣವೇ ಉದಾಹರಣೆ. 1799ರ ಪತನದ ನಂತರ ಅರಮನೆಯ ಸುಮಾರು 2,000 ಹಸ್ತಪ್ರತಿಗಳು ಹೊರಗೆ ಸಾಗಿದವು. ಅವುಗಳ ವಿವರಪಟ್ಟಿಯನ್ನು ಚಾರ್ಲ್ಸ್ ಸ್ಟೂವರ್ಟ್ 1809ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟಿಸಿದ. ಊರಿನಲ್ಲಿ ಉಳಿದದ್ದು ಮಸೀದಿ ಮತ್ತು ಗುಂಬಜಿನ ಪರ್ಶಿಯನ್ ಬರಹಗಳು. ಅವುಗಳ ಮುಂದೆ ಹಾದುಹೋಗುವ ಪ್ರವಾಸಿಗರಲ್ಲಿ ಹೆಚ್ಚಿನವರಿಗೆ ಅವು ಬರೀ ಅಲಂಕಾರ. ಕಂಬದಹಳ್ಳಿಯ, ಹೊಸಹೊಳಲಿನ ಹಳಗನ್ನಡ ಶಾಸನಗಳ ಮುಂದೆ ನಿಲ್ಲುವ ಶ್ರಾವಕರ ಸ್ಥಿತಿಯೂ ಬಹಳ ಬೇರೆಯಲ್ಲ.

2011ರ ಜನಗಣತಿಯಂತೆ ಭಾರತದಲ್ಲಿ ಪಾರ್ಸಿಗಳು 57,264 ಮಂದಿ, ಜೈನರು ಸುಮಾರು 44.5 ಲಕ್ಷ. ಸಾವಿರಗಳ ಲೆಕ್ಕದಲ್ಲಿರುವ ಪಾರ್ಸಿ ಸಮಾಜದಲ್ಲಿ ಇಂದಿಗೂ ಪುರೋಹಿತರು ಯಸ್ನವನ್ನು ಬಾಯಿಪಾಠ ಕಲಿಯುತ್ತಾರೆ. ಅವೆಸ್ತನ್ ಯಾರ ಮನೆಮಾತೂ ಅಲ್ಲ. ಆದರೂ ಅದರ ಉಚ್ಚಾರ ನಿಂತಿಲ್ಲ. ಜೈನರಲ್ಲಿ ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ಬಟ್ಟೆ ಸುತ್ತಿ ಪೂಜಿಸುವ ವಾಡಿಕೆ ಇದೆ. ಆ ದಿನ ಹತ್ತಿರದ ಬಸದಿಯ ಒಂದು ಶಾಸನವನ್ನಾದರೂ ಬಲ್ಲವರಿಂದ ಓದಿಸಿ, ಮಕ್ಕಳಿಗೆ ಅಕ್ಷರ ತೋರಿಸಿದರೆ ಶ್ರುತಸೇವೆ ಪೂರ್ಣವಾಗುತ್ತದೆ. ಶಾಸನದಲ್ಲಿ ಶಕವರ್ಷದ ಅಂಕಿ ಸಿಕ್ಕಾಗ ಅದಕ್ಕೆ 605 ಕೂಡಿಸಿ ವೀರ ನಿರ್ವಾಣದ ವರ್ಷವನ್ನು ಮಕ್ಕಳೇ ಲೆಕ್ಕ ಹಾಕಬಹುದು.